ತಾಮ್ರ ಅಗೆಯುವ ಹೊತ್ತು

ರೈಲ್ವೆಯಲ್ಲಿ ನಾನು ನೌಕರಿ ಮಾಡಿದ್ದಕ್ಕಿಂತ ಯೂನಿಯನ್ ಮಾಡಿದ್ದೇ ಹೆಚ್ಚು. ಗೇಟಿನ ಮುಂದೆ ನಿಂತು ಗಂಟಲು ಹರಿಯುವಂತೆ ಕೂಗಿದ ಬೇಡಿಕೆಗಳಲ್ಲಿ ಒಂದೂ ಪೂರ್ತಿ ಈಡೇರಲಿಲ್ಲ. ‘ಪರಿಶೀಲಿಸಲಾಗುವುದು’ ಎಂಬ ಮಾತನ್ನು ಕೇಳಿ ಕೇಳಿಯೇ ತಲೆ ನರೆಯಿತು. ನಿವೃತ್ತನಾದ ಮೇಲೆ ಒಂದೇ ಒಂದು ಬೇಡಿಕೆ ನೂರಕ್ಕೆ ನೂರು ಈಡೇರಿತು. ಅದರಿಂದಲೇ ನನ್ನ ಮನೆ ಹಾಳಾಯಿತು ಎಂದರೆ ನನ್ನ ಹೆಂಡತಿ ಸತ್ಯಭಾಮಾ ‘ದೀಪಾ ಹಚ್ಚೂ ಹೊತ್ತಿನ್ಯಾಗ ಅಂಥಾ ಮಾತು ಆಡಬ್ಯಾಡ್ರಿ’ ಅನ್ನುತ್ತಾಳೆ. ಆಡದೆ ಇನ್ನೇನು ಮಾಡಲಿ.

ಹುಬ್ಬಳ್ಳಿಯಿಂದ ನಾಗಪುರಕ್ಕೆ ವರ್ಗವಾಗಿ ಬಂದಾಗ ಮಗಳು ಸ್ವಪ್ನಾ ಇನ್ನೂ ತೊದಲುತ್ತಿದ್ದಳು. ಈಗ ಅವಳದು ಊರಾಚೆ ಬುಟಿಬೋರಿಯ ಕಾರ್ಖಾನೆಯೊಂದರಲ್ಲಿ ಮಾಲು ತಪಾಸಣೆ ಮಾಡುವ ಕೆಲಸ. ಬೆಳಗಿನ ಪಾಳಿಯ ಬಸ್ಸಿಗೆ ಹೋಗುತ್ತಾಳೆ, ಸಂಜೆ ಬರುತ್ತಾಳೆ, ಚಹಾ ಕುಡಿದು ಒಳಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ‘ಕೆಲಸ ಹೆಂಗ ನಡದೈತಿ’ ಅಂತ ಕೇಳಿದರೆ ‘ಚಲೋ ಐತಿ’, ‘ಊಟ ಮಾಡಿದೇನವ್ವಾ’ ಅಂದರೆ ‘ಹಾಂ’. ಚಿಕ್ಕವಳಿದ್ದಾಗ ಬಾಯಿಗೆ ಬೀಗವೇ ಇಲ್ಲದ ಹುಡುಗಿ. ಕೆಲಸಕ್ಕೆ ಸೇರಿದ ಮೇಲೆ ಅದೇನಾಯಿತೋ, ನಾವಿಬ್ಬರೂ ಕಣ್ಣು ನೆಟ್ಟು ನೋಡಿದಷ್ಟೂ ಅವಳು ಮುದುಡಿಕೊಳ್ಳುತ್ತಿದ್ದಳು.

ಕೋಣೆಯೊಳಗೆ ಅವಳು ಆಡುತ್ತಿದ್ದುದು ಫೋನಿನ ಆಟ. ಅಗ್ನಿದ್ವೀಪ ಅಂತ ಅದರ ಹೆಸರು. ಎಲ್ಲೆಲ್ಲಿಯವರೋ ಒಂದೇ ದ್ವೀಪದಲ್ಲಿ ಸೇರಿ, ಟೋಳಿ ಕಟ್ಟಿಕೊಂಡು, ಕತ್ತಿ ಕವಚ ಮಾಡಿಸಿಕೊಂಡು ರಾಕ್ಷಸರ ಮೇಲೆ ಯುದ್ಧಕ್ಕೆ ಹೋಗುವುದು. ಯುದ್ಧವೇನೋ ಅರ್ಧ ಗಳಿಗೆಯದು. ಅದಕ್ಕೆ ಬೇಕಾದ ಕತ್ತಿಗೆ ತಾಮ್ರ ಬೇಕು. ತಾಮ್ರಕ್ಕೆ ಗುಡ್ಡದ ಬಂಡೆಗೆ ಗುದ್ದಲಿಯಿಂದ ಹೊಡೆಯುತ್ತಲೇ ಇರಬೇಕು. ಬಂಡೆ ಒಡೆಯುತ್ತದೆ, ಚೂರು ತಾಮ್ರ ಸಿಗುತ್ತದೆ, ಬಂಡೆ ಮತ್ತೆ ಹುಟ್ಟುತ್ತದೆ, ಮತ್ತೆ ಹೊಡೆಯಬೇಕು. ಇದಕ್ಕೆ ಹುಡುಗರು ಗ್ರೈಂಡ್ ಅನ್ನುತ್ತಾರೆ. ನಾನಾದರೆ ಬಿಟ್ಟಿ ಚಾಕರಿ ಅನ್ನುತ್ತಿದ್ದೆ.

ಒಂದು ದಿನ ಅವಳೇ ಹೊರಗೆ ಬಂದು ನನ್ನ ಮುಂದೆ ನಿಂತಳು.

“ಪಪ್ಪಾ, ಮನ್ಯಾಗ ಖಾಲಿ ಕೂತಿರ್ತೀರಲ್ಲ. ನನ್ನ ಸಲುವಾಗಿ ಒಂದಿಷ್ಟು ತಾಮ್ರ ಅಗದು ಕೊಡ್ತೀರೇನು?”

ಎಷ್ಟೋ ತಿಂಗಳಿಂದ ಮಗಳು ನನ್ನನ್ನು ಏನೂ ಕೇಳಿರಲಿಲ್ಲ. ತಾಮ್ರವಲ್ಲ, ಚಂದ್ರನನ್ನು ಅಗೆ ಅಂದಿದ್ದರೂ ಗುದ್ದಲಿ ಹಿಡಿಯುತ್ತಿದ್ದೆ. ನನ್ನ ಫೋನಿಗೆ ಆಟ ಹಾಕಿಕೊಟ್ಟಳು. ದಪ್ಪ ಮೀಸೆಯ ಒಬ್ಬ ಕೂಲಿಯವನನ್ನು ಆರಿಸಿ, ಹನುಮಂತ ಅಂತ ನನ್ನ ಹೆಸರನ್ನೇ ಇಟ್ಟಳು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಆಡುತ್ತ ಮಾತಾಡಬಹುದು ಅಂತಲೂ ತೋರಿಸಿದಳು.

ಹಾಗೆ ಶುರುವಾಯಿತು. ನಾನು ಪಡಸಾಲೆಯ ದಿವಾನದ ಮೇಲೆ, ಅವಳು ಒಳಕೋಣೆಯಲ್ಲಿ, ನಡುವೆ ಒಂದು ಗೋಡೆ. ಗೋಡೆಯಾಚೆಯ ಮಗಳ ದನಿ ಯಾವ ದೇಶ ಸುತ್ತಿ ನನ್ನ ಕಿವಿಗೆ ಬರುತ್ತಿತ್ತೋ ಆ ಕಂಪನಿಗೇ ಗೊತ್ತು. ಮೊದಮೊದಲು ‘ಎಡಕ್ಕ ಬರ್ರಿ’, ‘ಚೀಲ ತುಂಬೇತಿ, ಖಾಲಿ ಮಾಡ್ರಿ’ ಇಷ್ಟೇ. ಆಮೇಲೆ ಕೈ ತನ್ನಷ್ಟಕ್ಕೆ ಬಂಡೆ ಒಡೆಯುತ್ತ ಹೋದಂತೆ ಬಾಯಿ ಬೇಸರಪಟ್ಟಿತು. ಒಂದು ಸಂಜೆ ಅವಳು ನಡುವೆ ಅಂದಳು:

“ಇವತ್ತ ಡಬ್ಬಿ ಹಂಗಽ ವಾಪಸ್ ತಂದೀನಿ ಪಪ್ಪಾ. ಮಮ್ಮಿಗೆ ಹೇಳಬ್ಯಾಡ್ರಿ.”

“ಯಾಕವ್ವಾ?”

ನಾಲ್ಕಾರು ಗುದ್ದಲಿ ಏಟು ಕೇಳಿಸಿದವು.

“ಕ್ಯಾಂಟೀನಿನ್ಯಾಗ ಒಬ್ಬಾಕೀನಽ ಕೂಡಬೇಕಾಕ್ಕತಿ. ನಾ ಹೋಗಿ ಕೂತ್ರ ಉಳದವರು ಮಾತು ನಿಲ್ಲಸ್ತಾರ.”

ಎದುರಿಗೆ ಕೂತಿದ್ದರೆ ನಾನು ಹಾರಿ ಬೀಳುತ್ತಿದ್ದೆ. ಯಾರು, ಏನು, ಮೇಲಧಿಕಾರಿ ಯಾರು, ನಡಿ ಕಂಪ್ಲೇಂಟ್ ಕೊಡೋಣ ಅಂತ. ಬಂಡೆ ಎದುರಿಗಿದ್ದದ್ದರಿಂದ ಸುಮ್ಮನೆ ಹೊಡೆದೆ. ಸುಮ್ಮನಿದ್ದದ್ದಕ್ಕೇ ಇನ್ನಷ್ಟು ಹೇಳಿದಳು. ಅವತ್ತಿನಿಂದ ಸಂಜೆ ಯಾವಾಗ ಆದೀತೆಂದು ಕಾಯತೊಡಗಿದೆ. ಅಗೆಯುವಾಗ ಮಾತ್ರ ಅವಳು ನನ್ನ ಹಳೆಯ ಮಗಳು. ಬಾಗಿಲು ತೆರೆದು ಊಟಕ್ಕೆ ಬಂದಳೋ, ಮತ್ತೆ ‘ಹಾಂ’, ‘ಚಲೋ ಐತಿ’.

ಅವಳ ಟೋಳಿಯಲ್ಲಿ ದತ್ತು ಅಂತ ಒಬ್ಬನಿದ್ದ. ಹಿಂಗಣಾದ ಕಾರ್ಖಾನೆಯೊಂದರ ಫಿಟ್ಟರ್. ಅವನಿಗೆ ಈ ಅಗೆತ ಕಂಡರಾಗದು. ಡ್ಯೂಟಿಯಲ್ಲೂ ದುಡಿದು ಇಲ್ಲೂ ದುಡಿಯಬೇಕೇ, ಹೊಸಬರು ಎರಡು ದಿನ ಬಂಡೆ ಒಡೆದು ಓಡಿಹೋಗುತ್ತಿದ್ದಾರೆ, ಹೀಗಾದರೆ ಆಟವೇ ಸಾಯುತ್ತದೆ ಅಂತ ಅವನ ಗೋಳು. ಕಾಮಠಿಯ ಯಶಿಕಾ ಎಂಬ ಹುಡುಗಿ ಒಪ್ಪುತ್ತಿರಲಿಲ್ಲ. ಬೆವರು ಸುರಿಸದೆ ಸಿಕ್ಕ ಕತ್ತಿಗೆ ಬೆಲೆ ಏನು ಅನ್ನುತ್ತಿದ್ದಳು. ಇಬ್ಬರೂ ಹಿಂದಿಯಲ್ಲಿ ಜಗಳಾಡುತ್ತಿದ್ದರೆ ಸ್ವಪ್ನಾ ದತ್ತುವಿನ ಕಡೆ.

“ಬರೋಬರ್ ಐತಿ ಪಪ್ಪಾ. ನನಗೂ ಸಾಕಾಗಿ ಹೋಗೇತಿ,” ಅಂದಳು.

ಮಗಳಿಗೆ ಸಾಕಾಗಿದೆ ಅಂದ ಮೇಲೆ ನನ್ನ ಹಳೆಯ ಚಾಳಿ ಎದ್ದು ಕೂತಿತು. ಕೆಲಸದ ಹೊರೆ ಇಳಿಸಿ ಅಂತ ಜೀವಮಾನವಿಡೀ ಕೂಗಿದವನಿಗೆ ಇದೇನು ದೊಡ್ಡದು. ಹಿಂದಿಯಲ್ಲಿ ಒಂದು ಮನವಿ ಬರೆದೆ. ಒಂದೇ ಕೆಲಸವನ್ನು ಸಾವಿರ ಸಲ ಮಾಡಿಸುವುದು ಆಟವಲ್ಲ, ಶೋಷಣೆ. ದುಡಿದು ದಣಿದವನು ವಿರಾಮಕ್ಕೆ ಬಂದರೆ ಅವನ ಕೈಗೆ ಗುದ್ದಲಿ ಕೊಡುವುದು ಅನ್ಯಾಯ. ಆದುದರಿಂದ ಅಗೆತವನ್ನು ಕೂಡಲೇ ಕೈಬಿಡತಕ್ಕದ್ದು. ಅದನ್ನು ಸತ್ಯಭಾಮಾಗೆ ಓದಿ ಹೇಳಿದೆ. ಅವಳು ಪಕ್ಕದ ಮನೆಯವರ ಜೊತೆ ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಿ ಆಗಷ್ಟೇ ಇಳಿದು ಬಂದಿದ್ದಳು.

“ನಾವೂ ಅಂಗಡಿ ಹಪ್ಪಳಾನಽ ತರಬಹುದಲ್ರೀ,” ಅಂದಳು ಅವಳು. “ತಂದ್ರ ಯಾರ ಮನಿ ಸುದ್ದಿ ಯಾರಿಗೆ ತಿಳೀತೈತಿ?”

“ಹಪ್ಪಳಕ್ಕೂ ಇದಕ್ಕೂ ಏನ ಸಂಬಂಧ?” ಅಂತ ರೇಗಿದೆ.

ಅವಳು ಲಟ್ಟಣಿಗೆ ತೊಳೆಯಲು ಒಳಗೆ ಹೋದಳು. ನಾನು ಯೋಚಿಸಲಿಲ್ಲ. ಬುದ್ಧಿ ಇದ್ದವನಾಗಿದ್ದರೆ ಅಲ್ಲಿಯೇ ಕಾಗದ ಹರಿದು ಹಾಕುತ್ತಿದ್ದೆ.

ಮನವಿಗೆ ದತ್ತು ಸಿಕ್ಕಸಿಕ್ಕ ಟೋಳಿಗಳವರ ಸಮ್ಮತಿ ಪಡೆದ. ದ್ವೀಪದ ತುಂಬ ಅದೇ ಸುದ್ದಿ. ‘ಮೇರೆ ಪಪ್ಪಾನೆ ಲಿಖಾ ಹೈ’, ನಮ್ಮ ಪಪ್ಪಾನೇ ಬರೆದದ್ದು, ಅಂತ ಸ್ವಪ್ನಾ ಎಲ್ಲರಿಗೂ ಹೇಳಿಕೊಂಡಳು. ಆ ದನಿಯಲ್ಲಿದ್ದ ಹೆಮ್ಮೆಯನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ಕೇಳಿಕೊಂಡೆನೋ. ಮನವಿ ಕಂಪನಿಗೆ ಹೋದ ಮೇಲೂ ಅಗೆತ ನಡೆದೇ ಇತ್ತು. ಕಂಪನಿಯೇನು ಕೇಳುತ್ತದೆ, ಪರಿಶೀಲಿಸಲಾಗುವುದು ಅನ್ನುತ್ತದೆ ಅಷ್ಟೇ ಅಂತ ನಾನೂ ನಿಶ್ಚಿಂತನಾಗಿದ್ದೆ.

ಒಂದು ಸಂಜೆ ಅವಳು ಬಂಡೆಯ ಮೇಲೆ ಬಂಡೆ ಒಡೆದಳು. ಆಮೇಲೆ ಸಣ್ಣಗೆ ಕರೆದಳು.

“ಪಪ್ಪಾ, ನಿಮಗ ಒಂದ ಮಾತು ಹೇಳೂದೈತಿ. ಮಮ್ಮಿಗೆ ಗೊತ್ತಾಗಬಾರದು.”

“ಹೇಳವ್ವಾ.”

“ನಮ್ಮ ಬಸ್ಸಿನ್ಯಾಗ...” ಅಂದಳು. ಅವಳ ಗುದ್ದಲಿ ನಿಂತಿತು. ನಾನು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಅವಳು ಹೆದರಿಯಾಳು ಅಂತ ಹೊಡೆಯುತ್ತಲೇ ಇದ್ದೆ. “ಬೆಳಗಿನ ಬಸ್ಸಿನ್ಯಾಗ ಪಪ್ಪಾ...”

ಆಗಲೇ ದತ್ತು ನಮ್ಮ ಮಾತಿನೊಳಗೆ ನುಗ್ಗಿದ.

“ಕಾಕಾ, ಆಪಣ ಜಿಂಕಲೋ,” ಅಂದ. ಗೆದ್ದೆವಂತೆ. ಕಂಪನಿ ಘೋಷಣೆ ಮಾಡಿದೆ, ನಾಳೆಯಿಂದ ಅಗೆತ ಬಂದ್, ಗುಂಡಿಯೊಂದನ್ನು ಒತ್ತಿ ಬಿಟ್ಟರೆ ಆಳು ತಾನೇ ಅಗೆಯುತ್ತಾನೆ. ಆಟಗಾರರ ದನಿ ನಮಗೆ ಮುಟ್ಟಿತು ಅಂತ ಬರೆದಿದ್ದಾರಂತೆ. ಹಿಂದಿನಿಂದ ಯಾರ‍್ಯಾರೋ ಬಂದು ‘ಕಾಕಾ ಜಿಂದಾಬಾದ್’ ಅಂದರು. ಗೇಟಿನ ಮುಂದೆ ಕೂಡ ನನಗೆ ಯಾರೂ ಹಾಗೆ ಕೂಗಿರಲಿಲ್ಲ.

“ನಾಳೆ ಹೇಳ್ತೀನಿ ಪಪ್ಪಾ,” ಅಂದಳು ಸ್ವಪ್ನಾ.

ಮರುದಿನ ಅಗೆಯುವುದೇ ಇರಲಿಲ್ಲ. ಅವಳು ಬಂದು ಗುಂಡಿ ಒತ್ತಿ, ಇಯರ್‌ಫೋನ್ ತೆಗೆದಿಟ್ಟು ಮಲಗಿದಳು. ಅವಳ ಆಳೂ ನನ್ನ ಆಳೂ ಅಕ್ಕಪಕ್ಕ ನಿಂತು, ಯಾರ ಹಂಗೂ ಇಲ್ಲದೆ, ಬಂಡೆ ಒಡೆಯುತ್ತಿದ್ದರು. ನಾನು ಫೋನ್ ಹಿಡಿದು ಕಾದೆ. ಅದರ ಮರುದಿನವೂ ಕಾದೆ. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕಿಕೊಂಡಿದ್ದೇನೆ ಅಂತ ಗೊತ್ತಾಗಲು ಅಷ್ಟು ಸಾಕಾಯಿತು.

ಬಸ್ಸಿನಲ್ಲಿ ಏನು? ಯಾರಾದರೂ ಏನಾದರೂ ಅಂದರೇ, ಅಂದದ್ದಷ್ಟೇ ಅಲ್ಲದೆ ಇನ್ನೇನಾದರೂ ಮಾಡಿದರೇ, ಅಥವಾ ಯಾರನ್ನಾದರೂ ಮೆಚ್ಚಿದ್ದಾಳೆಯೇ? ಹಾಗಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಆ ದನಿ ಮೆಚ್ಚಿದವಳ ದನಿಯಲ್ಲ. ಸತ್ಯಭಾಮಾ ಅಂಗಡಿಗೆ ಹೋಗಿದ್ದಾಗ ಧೈರ್ಯ ಮಾಡಿ ಎದುರಿಗೇ ಕೇಳಿದೆ.

“ಅವತ್ತ ಏನೋ ಹೇಳೂದೈತಿ ಅಂದಿದ್ದಿ.”

ಅವಳು ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ಅದೇನು ಕಂಡಿತೋ. ಆಗಲೇ ಹಾರಿ ಬೀಳಲು ತಯಾರಾಗಿದ್ದ ಯೂನಿಯನ್ ಲೀಡರೇ ಕಂಡಿರಬೇಕು.

“ಏನಿಲ್ಲ ಬಿಡ್ರಿ ಪಪ್ಪಾ.”

ಒಂದು ಸಂಜೆ ಅವಳ ಬಸ್ಸು ಬಂದು ನಿಲ್ಲುವ ವರ್ಧಾ ರಸ್ತೆಯ ಚೌಕಕ್ಕೇ ಹೋಗಿ ನಿಂತೆ. ಬಸ್ಸು ಬಂತು, ಹತ್ತಾರು ಜನ ಇಳಿದರು. ಎಲ್ಲರೂ ದಣಿದ ಮುಖದವರು, ಯಾರ ಮುಖದ ಮೇಲೆ ಏನು ಬರೆದಿರುತ್ತದೆ. ಸ್ವಪ್ನಾ ಕೊನೆಗೆ ಇಳಿದಳು, ನನ್ನನ್ನು ಕಂಡು ಅಲ್ಲೇ ನಿಂತಳು.

“ನೀವ್ಯಾಕ ಬಂದ್ರಿ ಇಲ್ಲಿ?”

“ಕಾಯಿಪಲ್ಲೆ ತರಾಕ ಬಂದಿದ್ದೆ.”

ನನ್ನ ಕೈಯಲ್ಲಿ ಚೀಲ ಇರಲಿಲ್ಲ. ಅದನ್ನು ಅವಳೂ ನೋಡಿದಳು. ಮನೆಯವರೆಗೂ ನನಗಿಂತ ಮುಂದೆ ನಡೆದಳು.

ಕೊನೆಗೆ ಇನ್ನೊಂದು ಮನವಿ ಬರೆದೆ. ಅಗೆತವನ್ನು ಮರಳಿ ತರತಕ್ಕದ್ದು, ಕೂಡಿ ಮಾಡುವ ಕೆಲಸದಿಂದಲೇ ಜನ ಜನಕ್ಕೆ ಹತ್ತಿರವಾಗುವುದು ಅಂತ. ಟೋಳಿಯವರು ನಕ್ಕರು. ಯಶಿಕಾ ಕೂಡ, ಈಗ ಅಭ್ಯಾಸವಾಯಿತು ಕಾಕಾ, ಓದಲು ಹೊತ್ತು ಸಿಗುತ್ತಿದೆ ಅಂದಳು. ದತ್ತು ಮಾತ್ರ ನಗಲಿಲ್ಲ. ಪಾಳಿ ಮುಗಿದ ಮೇಲೆ ಮಗುವಿನ ಜೊತೆ ಆಡುತ್ತೇನೆ ಕಾಕಾ, ಅದನ್ನು ಕಿತ್ತುಕೊಳ್ಳಬೇಡಿ ಅಂದ. ಅವನು ಹೇಳಿದ್ದೂ ನ್ಯಾಯವೇ. ಸ್ವಪ್ನಾ ಬಾಗಿಲು ಅರ್ಧ ತೆರೆದು ‘ಪಪ್ಪಾ, ನನ್ನ ಮರ್ಯಾದಿ ತಗೀಬ್ಯಾಡ್ರಿ’ ಅಂದು ಮತ್ತೆ ಹಾಕಿಕೊಂಡಳು.

ಈಗ ನಾನು ಗುಂಡಿ ಒತ್ತುವುದಿಲ್ಲ. ಸಂಜೆ ಅವಳ ಆಳಿನ ಪಕ್ಕ ನಿಂತು ಕೈಯಾರೆ ಅಗೆಯುತ್ತೇನೆ. ಅವಳ ಹೆಸರಿನ ಮುಂದೆ ಹಸಿರು ಚುಕ್ಕೆ ಇರುತ್ತದೆ. ಅಂದರೆ ನಾನು ಮಾತಾಡಿದರೆ ಅವಳ ಫೋನಿಗೆ ಕೇಳುತ್ತದೆ. ಹಲವು ದಿನ ಬರೀ ಅಗೆದೆ. ನಿನ್ನೆ ತಡೆಯಲಾಗಲಿಲ್ಲ. ಬಂಡೆಗೆ ಹೊಡೆಯುತ್ತ, ಎಷ್ಟು ಮೆತ್ತಗೆ ಸಾಧ್ಯವೋ ಅಷ್ಟು ಮೆತ್ತಗೆ ಕೇಳಿದೆ.

“ಬಸ್ಸಿನ್ಯಾಗ ಏನಾತವ್ವಾ? ನಾ ಸಿಟ್ಟಿಗೇಳಂಗಿಲ್ಲ.”

ಅಡಿಗೆಮನೆಯಿಂದ ನನ್ನದೇ ದನಿ ಕೇಳಿಸಿತು. ಬಸ್ಸಿನ್ಯಾಗ ಏನಾತವ್ವಾ, ನಾ ಸಿಟ್ಟಿಗೇಳಂಗಿಲ್ಲ. ಸ್ವಪ್ನಾ ಫೋನನ್ನು ಅಲ್ಲಿ ಚಾರ್ಜಿಗೆ ಹಾಕಿ ಸ್ನಾನಕ್ಕೆ ಹೋಗಿದ್ದಳು. ಸತ್ಯಭಾಮಾ ಹಿಟ್ಟಿನ ಕೈಯಲ್ಲೇ ಆ ಫೋನು ಹಿಡಿದು ಪಡಸಾಲೆಗೆ ಬಂದಳು. ರೊಟ್ಟಿ ತಟ್ಟುವುದನ್ನು ಅರ್ಧಕ್ಕೆ ಬಿಟ್ಟು ಬಂದಿದ್ದಳು.

“ಏನಾಗೇತ್ರಿ ಬಸ್ಸಿನ್ಯಾಗ? ಆಕಿಗೆ ಏನಾಗೇತಿ?”

ಹೇಳಲು ನನಗೆ ಗೊತ್ತಿದ್ದರೆ ತಾನೇ. ಅಷ್ಟರಲ್ಲಿ ಸ್ವಪ್ನಾ ತಲೆಗೆ ಟವೆಲ್ ಸುತ್ತಿಕೊಂಡು ಬಂದಳು. ಅಮ್ಮನ ಕೈಯಲ್ಲಿ ಫೋನು ನೋಡಿದಳು, ನನ್ನ ಕಿವಿಯಲ್ಲಿ ಇಯರ್‌ಫೋನ್ ನೋಡಿದಳು. ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಮಾಡಲಿಲ್ಲ. ಅಮ್ಮನ ಕೈಯಿಂದ ಫೋನು ಇಸಿದುಕೊಂಡು, ಅಂಟಿದ ಹಿಟ್ಟನ್ನು ಟವೆಲಿನ ತುದಿಯಿಂದ ಒರೆಸಿದಳು.

“ಏನಿಲ್ಲ ಮಮ್ಮಿ. ಗೇಮಿನ್ಯಾಗಿನ ಬಸ್ ಅದು. ಪಪ್ಪಾಗ ಬ್ಯಾರೆ ಕೆಲಸ ಇಲ್ಲ.”

ಸತ್ಯಭಾಮಾ ನನ್ನನ್ನು ಬೈದುಕೊಳ್ಳುತ್ತ ರೊಟ್ಟಿಗೆ ಹೋದಳು. ಸ್ವಪ್ನಾ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು, ನನ್ನ ಫೋನಿನಲ್ಲಿ ಅವಳ ಹಸಿರು ಚುಕ್ಕೆ ಆರಿತು.

ಅಗ್ನಿದ್ವೀಪದಲ್ಲಿ ಬಸ್ಸಿಲ್ಲ. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಬೆಳಗ್ಗೆ ಅವಳು ಡಬ್ಬಿ ತೆಗೆದುಕೊಂಡು ಬುಟಿಬೋರಿಯ ಬಸ್ಸಿಗೆ ಹೋದಳು.