ಕಿಟಕಿ ಮುಚ್ಚುವಷ್ಟು ಎತ್ತರ

ಮರ್ಕಂಜದಲ್ಲಿ ನಾನು ಊರುಗೋಲು ನೆಟ್ಟರೂ ಚಿಗುರುತ್ತದೆ. ಇದು ನನ್ನ ಮಾತಲ್ಲ, ಊರಿನ ಮಾತು. ಊರು ಮರೆತಾಗ ಮಾತ್ರ ನಾನು ನೆನಪಿಸುತ್ತೇನೆ. ನನ್ನ ಅಡಿಕೆ ಮರಗಳ ತುದಿ ನೋಡಲು ಹೋಗಿ ಕುತ್ತಿಗೆ ಉಳುಕಿಸಿಕೊಂಡ ವ್ಯಾಪಾರಿಯೊಬ್ಬ ಒಂದು ಮಳೆಗಾಲವಿಡೀ ಆಕಾಶ ನೋಡುತ್ತಲೇ ನಡೆದಾಡಿದ. ಅಂಥ ಅಚ್ಚುತನಾದ ನನ್ನನ್ನು ಪುತ್ತೂರಿನ ಬಾಡಿಗೆ ಫ್ಲ್ಯಾಟಿನಲ್ಲಿ ಗಿಡ ನೆಟ್ಟ ಐದು ಚಟ್ಟಿಗಳು ಸೋಲಿಸಿದವು.

ಹೆಂಡತಿ ಹರಿಣಾಕ್ಷಿಯ ಚಿಕಿತ್ಸೆಗೆ ಮಂಗಳೂರಿಗೆ ಓಡಾಡಲು ಹತ್ತಿರವಾಗಲೆಂದು ನಾವು ಈ ಫ್ಲ್ಯಾಟ್ ಹಿಡಿದದ್ದು. ಹಾಲ್‌ಗೆ ಇರುವುದು ಒಂದೇ ಕಿಟಕಿ. ಅದರೆದುರು, ಕೈ ಚಾಚಿದರೆ ಕೈಕುಲುಕಬಹುದಾದಷ್ಟು ಹತ್ತಿರ, ಹಲ್ಲಿನ ಡಾಕ್ಟರರ ಕ್ಲಿನಿಕ್ಕು. ಕಾಯುವವರ ಬೆಂಚು ನಮ್ಮ ಕಡೆಗೇ ಮುಖ ಮಾಡಿದೆ. ಕೆನ್ನೆ ಊದಿಸಿಕೊಂಡು ಕೂತವರಿಗೆ ನೋಡಲು ನಮ್ಮನ್ನು ಬಿಟ್ಟರೆ ಬೇರೆ ಏನೂ ಇಲ್ಲ. ಸುಳ್ಯ, ಕಡಬ ಎರಡೂ ತಾಲೂಕಿನ ಹುಳುಕು ಹಲ್ಲುಗಳೆಲ್ಲ ಅಲ್ಲಿಗೇ ಬರುತ್ತವೆ. ಒಂದೊಂದು ಹಲ್ಲಿನ ಹಿಂದೆಯೂ ನಮ್ಮ ಒಬ್ಬ ನೆಂಟ.

ಔಷಧಿಗೆ ಹರಿಣಾಕ್ಷಿಯ ಕೂದಲು ಪೂರ್ತಿ ಉದುರಿತ್ತು. ಅವಳು ದಪ್ಪ ಪರದೆ ಎಳೆದು ಹಗಲಿಡೀ ಕತ್ತಲಲ್ಲಿ ಕೂರತೊಡಗಿದಳು. ದೀಪ ಹಾಕಿದರೆ ನೆರಳು ಕಾಣುತ್ತದೆಂದು ಅದನ್ನೂ ಹಾಕಲು ಬಿಡಲಿಲ್ಲ.

"ತಲೆಗೆ ಶಾಲು ಕಟ್ಟಿಕೋ ಮಾರಾಯ್ತಿ," ಎಂದೆ.

"ಕಟ್ಟಿದ್ರೆ ಯಾಕೆ ಕಟ್ಟಿದ್ದು ಅಂತ ಕೇಳುದಿಲ್ವಾ? ಸಂಜೆಯೊಳಗೆ ಸುದ್ದಿ ಕಾಣಿಯೂರಿನ ನೆಂಟರಿಗೆಲ್ಲ ಮುಟ್ತದೆ."

"ಹಾಗಾದ್ರೆ ಕಿಟಕಿಗೇ ಒಂದು ತೋಟ ಮಾಡ್ತೇನೆ. ಎರಡೇ ತಿಂಗಳು. ಆಮೇಲೆ ಪರದೆ ಬೇಡ. ಇಲ್ಲಿ ಹುಲಿ ಕೂತ್ರೂ ಅವರಿಗೆ ಕಾಣ್ಲಿಕ್ಕಿಲ್ಲ."

"ಹುಲಿಗೆ ಕೂದಲುಂಟು," ಎಂದಳು.

ಅಡಿಕೆ ಸಸಿ ಎಳವೆಯಲ್ಲಿ ನೆರಳಲ್ಲೇ ಬೆಳೆಯುವಂಥದ್ದು. ಬಿಸಿಲು ತಾಗಬಾರದೆಂದು ನಾವು ಸೋಗೆಯ ಚಪ್ಪರ ಕಟ್ಟಿ ಅದನ್ನು ಸಾಕುತ್ತೇವೆ. ನೆರಳಿನ ವಿಷಯದಲ್ಲಿ ನನಗೆ ಪಾಠ ಹೇಳುವವ ಇನ್ನೂ ಹುಟ್ಟಿಲ್ಲವೆಂದುಕೊಂಡು ಊರಿನಿಂದ ಸೊಂಟದೆತ್ತರದ ನಾಲ್ಕು ಸಸಿ ತಂದೆ. ಐದನೆಯದು ನರ್ಸರಿಯ ಶಾಫಿ ಕೊಟ್ಟ, ಅಗಲ ಎಲೆಯ ಅಲಂಕಾರದ ರಬ್ಬರ್ ಗಿಡ.

"ಕತ್ತಲಲ್ಲೂ ಬರ್ತದೆ ಅಚ್ಚುತಣ್ಣ, ಆದ್ರೆ ಸ್ವಲ್ಪ ನಿಧಾನ," ಎಂದ ಶಾಫಿ.

"ನನ್ನ ಕೈ ತಾಗಿದ್ರೆ ಓಡ್ತದೆ, ನೋಡ್ತಾ ಇರು."

ಓಡುವುದೇನೋ ಓಡಿದವು. ಅಡಿಕೆ ಸಸಿಗಳು ಹೊಲಿಗೆ ದಾರದಷ್ಟು ತೆಳ್ಳಗಾಗಿ, ಹಾಲಿನಷ್ಟು ಬಿಳಿಚಿಕೊಂಡು, ಪರದೆಯ ಸಂದಿನಿಂದ ಬರುವ ಒಂದು ಗೆರೆ ಬೆಳಕಿನ ಕಡೆಗೆ ಬಾಗಿದವು. ನಾನು ಚಟ್ಟಿ ತಿರುಗಿಸುತ್ತಿದ್ದೆ. ಅವು ಮತ್ತೆ ಅತ್ತಲೇ ತಿರುಗುತ್ತಿದ್ದವು. ಗೋಮೂತ್ರ ಸುರಿದೆ. ಇಡೀ ಕಟ್ಟಡ ಮೂಗು ಮುಚ್ಚಿಕೊಂಡಿತೇ ಹೊರತು ಒಂದು ಸುಳಿಯೂ ಒಡೆಯಲಿಲ್ಲ. ರಬ್ಬರ್ ಗಿಡ ಎಲೆ ಉದುರಿಸತೊಡಗಿತು. ಅದರ ಎಲೆ ನೆಲಕ್ಕೆ ಬಿದ್ದರೆ ತೆಂಗಿನಕಾಯಿ ಬಿದ್ದಂಥ ಸದ್ದು.

"ಇನ್ನೊಂದು ಬಿತ್ತು," ಎನ್ನುತ್ತಿದ್ದಳು ಹರಿಣಾಕ್ಷಿ, ಕತ್ತಲಿನಿಂದ.

ಪರದೆ ತೆಗೆಯಬೇಕಾದರೆ ಗಿಡ ಬೆಳೆಯಬೇಕು. ಗಿಡ ಬೆಳೆಯಬೇಕಾದರೆ ಪರದೆ ತೆಗೆಯಬೇಕು. ಬ್ರಹ್ಮನಿಗೇ ಬುದ್ಧಿ ಹೇಳಬಲ್ಲ ನನ್ನ ತಲೆಗೆ ಇದರಾಚೆ ಏನೂ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ಪೇಟೆಯಿಂದ ಬಂದು ನೋಡಿದರೆ ಪರದೆ ಪೂರ್ತಿ ಸರಿದಿತ್ತು. ಹಾಲ್ ತುಂಬ ಬೆಳಕು, ಬೆಳಕಿನಲ್ಲಿ ಐದು ಚಟ್ಟಿ. ಹರಿಣಾಕ್ಷಿ ಇಲ್ಲ. ಕುರ್ಚಿಯೂ ಇಲ್ಲ. ಅವಳು ಅದನ್ನು ಎಳೆದುಕೊಂಡು ಹೋಗಿ, ಕಿಟಕಿಯೇ ಇಲ್ಲದ ಒಳಗಿನ ಸಾಮಾನಿನ ಕೋಣೆಯಲ್ಲಿ ಅಕ್ಕಿ ಡಬ್ಬದ ಪಕ್ಕ ಕೂತಿದ್ದಳು.

"ಇದೆಂತ ಮಾಡಿದ್ದು ನೀನು?"

"ಅವು ಸಾಯ್ತಾ ಉಂಟು. ಅವಕ್ಕಾದ್ರೂ ಬೆಳಕು ಸಿಗ್ಲಿ."

"ನಿನಗೋಸ್ಕರ ತಂದ ಗಿಡ ಅಲ್ವಾ?"

"ಗೊತ್ತುಂಟು. ದೊಡ್ಡದಾಗ್ಲಿ, ಬರ್ತೇನೆ."

ಕ್ಲಿನಿಕ್ಕಿನ ಗೋಡೆಯ ಸಂದಿನಿಂದ ಇಳಿಯುವ ಆ ಬೆಳಕಿಗೆ ಅವು ಎಷ್ಟು ಬೆಳೆದಾವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಾಯಿ ಬಿಟ್ಟರೆ ಗೇಣನ್ನು ಮಾರು ಮಾಡುವ ನಾನು, ಸಸಿಯೊಂದನ್ನು ಗೇಣಿನಲ್ಲೇ ಅಳೆಯಲು ಹಾಲ್‌ಗೆ ಬಂದೆ.

"ಓ ಅಚ್ಚುತಣ್ಣ!" ಎದುರಿನ ಬೆಂಚಿನಲ್ಲಿ ಕೊಲ್ಲಮೊಗ್ರಿನ ಜತ್ತಪ್ಪ, ನಮ್ಮ ಹಳೆಯ ಪರಿಚಯದವನು, ಕೆನ್ನೆ ಹಿಡಿದು ಕೂತಿದ್ದ. "ಇದೆಂತ, ಮನೆಯೊಳಗೇ ತೋಟವಾ? ಹರಿಣಾಕ್ಷಕ್ಕ ಎಲ್ಲಿ?"

ನಾಲಗೆ ತನ್ನಷ್ಟಕ್ಕೇ ಓಡಿತು. "ತಲೆಗೆ ಮಿಂದು ತಾರಸಿಗೆ ಹೋಗಿದ್ದಾಳೆ, ಕೂದಲು ಒಣಗಿಸ್ಲಿಕ್ಕೆ. ಈಗ ಮೊಣಕಾಲು ಮುಟ್ತದೆ ಮಾರಾಯ! ಒಂದು ಬಿಸಿಲು ಸಾಕಾಗುದೇ ಇಲ್ಲ."

"ಮುಟ್ಟದೆ ಎಂತ, ಅವರದ್ದು ಮೊದಲಿಂದಲೂ ಒಳ್ಳೆ ಕೂದಲು. ಇಳಿದು ಬರ್ಲಿ, ನಾನು ಮಾತಾಡಿಯೇ ಹೋಗುದು. ನನ್ನ ನಂಬರ್‌ಗೆ ಇನ್ನೂ ತುಂಬ ಹೊತ್ತುಂಟು."

ಒಳಗೆ ಕುರ್ಚಿ ಒಮ್ಮೆ ಕಿರುಗುಟ್ಟಿ ನಿಂತಿತು. ಜತ್ತಪ್ಪ ಕೆನ್ನೆ ಒತ್ತಿಕೊಂಡು ನಮ್ಮ ಬಾಗಿಲನ್ನೇ ನೋಡುತ್ತಿದ್ದ. ಇನ್ನೊಂದು ಸುಳ್ಳಿಗಾಗಿ ನಾನು ಬಾಯಿ ತೆರೆದೆ. ಬರಲಿಲ್ಲ. ಒದ್ದೆ ಬಟ್ಟೆ ತೆಗೆದುಕೊಂಡು, ರಬ್ಬರ್ ಗಿಡದಲ್ಲಿ ಉಳಿದಿದ್ದ ಎಲೆಯೊಂದನ್ನು ಒರೆಸತೊಡಗಿದೆ.