ನನ್ನ ಹೆಸರಿನ ಗುಳಿಗೆಗಳು

ಅಸ್ಮಾಳಿಗೆ ಹೊಕ್ಕುಳದ ಸುತ್ತ ನೋವು, ಸಂಜೆಯಾದರೆ ಸಣ್ಣ ಜ್ವರ. ಲಿಂಗಸುಗೂರಿನ ಡಾಕ್ಟರು ಗ್ಯಾಸಿನ ಗುಳಿಗೆ ಕೊಡುತ್ತಲೇ ಇದ್ದರು. ಅವಳ ಮೈಮೇಲೆ ಬಟ್ಟೆ ಜೋತುಬೀಳತೊಡಗಿದಾಗ ಅತ್ತೆ ಮೆಹರಬಾನು ನಮ್ಮಿಬ್ಬರನ್ನೂ ಮಸ್ಕಿಯಿಂದ ಸಿಂಧನೂರಿಗೆ ಸ್ಕ್ಯಾನಿಂಗಿಗೆ ಕರೆದೊಯ್ದರು. ಅಸ್ಮಾ ನನ್ನ ಗಂಡ ನಿಯಾಜನ ತಂಗಿ. ಹಿಂದಿನ ವರ್ಷ ಲಾರಿ ಬಡಿದು ನಿಯಾಜ್ ಸತ್ತಿದ್ದ.

ಕೌಂಟರಿನಲ್ಲಿ ಪೇಷಂಟಿನ ಹೆಸರು ಕೇಳಿದರು. ಅತ್ತೆ "ವಸೀಮಾ" ಎಂದರು. ಅದು ನನ್ನ ಹೆಸರು.

"ಅಸ್ಮಾಗ ಸಂತೆಕಲ್ಲೂರಿನ ಸಂಬಂಧ ಕೂಡಾಕತ್ತೈತಿ," ಎಂದು ನನ್ನನ್ನು ಪಕ್ಕಕ್ಕೆ ಎಳೆದರು. "ಆಕೀ ಹೆಸರಿಗೆ ಬ್ಯಾನಿ ಬರೆಸಿದ್ರ ಮುಗೀತು. ನಿನ್ನ ನೋಡಾಕ ಯಾರು ಬರ್ತಾರವ್ವ?"

ಸುಳ್ಳಲ್ಲ. ನನ್ನ ಆಧಾರ್ ಕೊಟ್ಟೆ.

ಹೊಟ್ಟೆಯೊಳಗಿನ ಗ್ರಂಥಿಗಳು ಬಾತು ಗುಂಪುಗಟ್ಟಿದ್ದವು. ಸೂಜಿಯಿಂದ ತೆಗೆದ ತುಣುಕಿನಲ್ಲಿ ಕ್ಷಯ ಖಾತ್ರಿಯಾಯಿತು.

"ಶ್ವಾಸಕೋಶ ಚೊಲೋ ಅದ, ಯಾರಿಗೂ ಹರಡೂದಿಲ್ಲ. ಆರು ತಿಂಗಳು ಗುಳಿಗಿ. ನಡುವ ಬಿಡಬ್ಯಾಡ್ರಿ ವಸೀಮಾ," ಎಂದರು ಡಾಕ್ಟರು. ಅಸ್ಮಾ ತಲೆಯಾಡಿಸಿದಳು.

ಸರ್ಕಾರಿ ಗುಳಿಗೆ ನನ್ನ ಹೆಸರಿಗೆ ಬಂದವು. ಆಶಾ ಕಾರ್ಯಕರ್ತೆ ಅಮರೇಶ್ವರಿ ಬಾಗಿಲಲ್ಲೇ ನಿಂತು ಕೂಗುತ್ತಿದ್ದಳು: "ವಸೀಮಕ್ಕಾ, ಗುಳಿಗಿ ನುಂಗೀರಿಲ್ರಿ?"

"ನುಂಗೀನಿ."

ಓಣಿಗೆಲ್ಲ ಕೇಳಿಸಿತು. ಪಕ್ಕದ ಮನೆಯ ಮಕ್ತುಂಬೀ ನನ್ನ ಕೈಯ ಚಹಾ ಬಿಟ್ಟಳು. "ಲಾರಿ ಅಂತ ಲಾರಿ! ನಿಯಾಜಗ ಇಕೀನ ಬ್ಯಾನಿ ಹಚ್ಚಿ ಕೊಂದಾಳ," ಎಂದಳಂತೆ ನಳದ ಹತ್ತಿರ.

ಅತ್ತೆ ನನ್ನ ತಟ್ಟೆ ಬೇರೆ ಇಟ್ಟರು. "ನೋಡೋರಿಗೆ ಖರೇ ಅನಿಸಬೇಕಲ್ಲ," ಎಂದರು. ಬರಬರುತ್ತ, ನೋಡುವವರು ಇಲ್ಲದಾಗಲೂ ಆ ತಟ್ಟೆಯನ್ನು ಅವರು ಮುಟ್ಟಲಿಲ್ಲ.

ಅಸ್ಮಾಳ ಜ್ವರ ಬಿಟ್ಟಿತು, ಮುಖಕ್ಕೆ ಕಳೆ ಬಂತು. ಮೂರನೆಯ ತಿಂಗಳಿಗೇ ನಿಕಾಹ್ ಆಯಿತು. ಗುಳಿಗೆ ಒಯ್ಯಲಿಲ್ಲ.

"ಈಗ ನೋವಿಲ್ಲ ಭಾಬಿ," ಎಂದಳು ಫೋನಿನಲ್ಲಿ. "ಇಲ್ಲಿ ಎಲ್ಲಿ ಮುಚ್ಚಿಡ್ಲಿ?"

ಪೊಟ್ಟಣ ಹಿಡಿದು ಶೇರ್ ಆಟೋದಲ್ಲಿ ಸಂತೆಕಲ್ಲೂರಿಗೆ ಹೋದೆ. ಅಸ್ಮಾಳ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಅಲ್ಲೇ ನಿಂದ್ರವ್ವ. ನಿನ್ನ ಬ್ಯಾನಿ ಏನಂತ ಗೊತ್ತೈತಿ ನಮಗ."

"ಬ್ಯಾನಿ ನಂದಲ್ರಿ. ಇವು ಅಸ್ಮಾನ ಗುಳಿಗಿ. ಅರ್ಧಕ್ಕ ಬಿಟ್ರ ತಿರುಗಿ ಬರ್ತೈತಿ, ಆಮ್ಯಾಗ ಈ ಔಷಧ ನಾಟೂದಿಲ್ಲ."

"ಯಾರ ಹೆಸರಿಗೆ ಗುಳಿಗಿ ಬರ್ತಾವ ಅಂತ ಇಡೀ ಮಸ್ಕಿಗೆ ಗೊತ್ತು. ಗಂಡನ್ನ ತಿಂದದ್ದು ಸಾಲಲಿಲ್ಲೇನು, ನಮ್ಮ ಸೊಸೀ ಮ್ಯಾಲೆ ಹೊರಿಸಾಕ ಬಂದಿ?"

ಒಳಗಿನಿಂದ ಅಸ್ಮಾ ಬಂದಳು. ಕೈಯ ಮೆಹಂದಿ ಇನ್ನೂ ಕೆಂಪಗಿತ್ತು.

"ನೀನ ಹೇಳು," ಎಂದೆ.

ಅವಳು ತನ್ನ ಅತ್ತೆಯ ಕಡೆ ತಿರುಗಿದಳು. "ಮನಸಿಗೆ ಹಚ್ಕೋಬ್ಯಾಡ್ರಿ ಅಮ್ಮಾ. ಅಣ್ಣ ಹೋದಾಗಿಂದ ಭಾಬೀದು ತಲಿ ಸರಿಯಿಲ್ಲ."

ನಾನು ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟೆ. ಅಸ್ಮಾಳ ಅತ್ತೆ ಕಸಬರಿಗೆಯ ತುದಿಯಿಂದ ಅದನ್ನು ಚರಂಡಿಗೆ ತಳ್ಳಿದರು. ಅಸ್ಮಾ ನೋಡುತ್ತ ನಿಂತಿದ್ದಳು. ಬಗ್ಗಲಿಲ್ಲ.