ಕಾಳಕ್ಕನ ಮೊಮ್ಮಗಳು

ಹೊಸದುರ್ಗದ ಆಚೆ ಒಂದು ಹೈಸ್ಕೂಲಿಗೆ ಶಾಂತಿ ಹೆಡ್‌ಮಿಸ್ಟ್ರೆಸ್. ಒಂದು ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಹತ್ತನೇ ತರಗತಿಯ ಮಾನಸ ಕರೀ ಕಂಬಳಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದಳು.

“ಯಾರದೇ ಅದು?”

“ಮೌನಿಕಾ ಕೊಟ್ಳು ಮೇಡಂ. ಅವರಜ್ಜಿದು. ಇನ್ಮೇಲೆ ನನಗೆ ಬೇಕಾಗಲ್ಲ, ನೀನೇ ಇಟ್ಕ ಅಂದ್ಲು.”

ಮೌನಿಕಾ ಮಾನಸಳ ಕ್ಲಾಸಿನವಳೇ. ಮೌನಿಕಾಳನ್ನು ಸಾಕಿದ್ದೇ ಅಜ್ಜಿ ಕಾಳಕ್ಕ. ಅಪ್ಪ ಜುಂಜಯ್ಯ, ಅವ್ವ ಜುಂಜಮ್ಮ ಕುರಿ ಹೊಡೆದುಕೊಂಡು ಊರೂರು ಅಲೆಯುವವರು. ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡ ಮೇಲೆ ಹುಡುಗಿ ಹಾಸ್ಟೆಲ್ ಸೇರಿದ್ದಳು. ಆ ಕಂಬಳಿ ಹೊದೆಯದೆ ಅವಳು ಮಲಗುವುದೇ ಇಲ್ಲ ಎಂದು ವಾರ್ಡನ್ ಹೇಳಿದ್ದು ಶಾಂತಿಗೆ ನೆನಪಿತ್ತು. ಅದನ್ನೇ ಇನ್ನು ಬೇಡವೆಂದು ಕೊಟ್ಟುಬಿಟ್ಟಿದ್ದು ಅವಳಿಗೆ ಸರಿ ಕಾಣಲಿಲ್ಲ.

ರಿಸಲ್ಟ್ ಮೀಟಿಂಗಿಗೆ ಬಂದು ಕೂತಿದ್ದ ಮೇಷ್ಟ್ರುಗಳನ್ನು “ಇನ್ನೊಂದಿನ ಮಾಡಾಣ” ಎಂದು ಕಳಿಸಿ, ಮೌನಿಕಾಳನ್ನು ಬೇವಿನ ಮರದ ಕೆಳಗೆ ಕೂರಿಸಿಕೊಂಡಳು. ಸುತ್ತಿಬಳಸದೆ ಕೇಳಿದಳು.

“ಸಾಯ್ಬೇಕು ಅನ್ನಿಸ್ತಾ ಐತೇನವ್ವ?”

ಹುಡುಗಿ ಮಣ್ಣು ಕೆದರುತ್ತಾ ಅಂದಳು, “ಹೂಂ. ಸಂಜೆ ಆದ್ರೆ ಅಜ್ಜಿ ಬಾಗಿಲಲ್ಲಿ ನಿಂತ್ಕಂಡು ಕೂಗ್ದಂಗಾಗ್ತೈತೆ ಮೇಡಂ. ಅವಳ ಹತ್ರ ಹೋಗ್ಬೇಕು ಅನ್ನಿಸ್ತೈತೆ. ಯಾರಿಗೂ ಹೇಳ್ಬ್ಯಾಡ್ರಿ.”

“ಹೇಳ್ತೀನಿ. ನಿಮ್ಮವ್ವಗೂ ಹೇಳ್ತೀನಿ, ಡಾಕ್ಟ್ರಿಗೂ ಹೇಳ್ತೀನಿ. ಆದ್ರೆ ನಿನ್ನ ಒಬ್ಬಳನ್ನೇ ಬಿಟ್ಟು ಎಲ್ಲೂ ಹೋಗಲ್ಲ.”

ಜುಂಜಮ್ಮ ಆಗ ಬಬ್ಬೂರಿನ ಕಡೆ ಯಾರದೋ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ತರುಬಿ ನಿಲ್ಲಿಸಿದ್ದಳು. ಫೋನು ಹೋದ ಕೂಡಲೇ ಹಿರಿಯೂರಿಗೆ ಬಂದು ಬಸ್ಸು ಹತ್ತಿದಳು. ಅವಳು ಬರುವವರೆಗೂ ಶಾಂತಿ ಹುಡುಗಿಯ ಪಕ್ಕದಿಂದ ಕದಲಲಿಲ್ಲ. ಅಜ್ಜಿ ರೊಟ್ಟಿ ಹೇಗೆ ತಟ್ಟುತ್ತಿದ್ದಳು, ಯಾವ ಮರಿಗೆ ಏನು ಹೆಸರಿಟ್ಟಿದ್ದಳು ಎಂದು ಕೇಳುತ್ತಲೇ ಇದ್ದಳು. ಹೇಳುತ್ತಾ ಹೇಳುತ್ತಾ ಮೌನಿಕಾ, ಅಜ್ಜಿ ಹೋದ ಮೇಲೆ ಮೊದಲ ಸಲ, ಜೋರಾಗಿ ಅತ್ತಳು.

ಅವ್ವ ಬಂದವಳೇ ಮಗಳ ಮುಖ ಹಿಡಿದುಕೊಂಡಳು. “ನಮ್ಮವ್ವ ನಂಗೂ ಬೇಕು ಕಣೇ. ಇಬ್ರೂ ಕೂಡಿ ನೆನೆಸ್ಕಣಾಣ.”

ಮಾರನೇ ದಿನ ಮೂವರೂ ಚಿತ್ರದುರ್ಗದ ಆಸ್ಪತ್ರೆಗೆ ಹೋದರು. ಮನೋವೈದ್ಯೆ ಹುಡುಗಿಯ ಜೊತೆ ನಿಧಾನವಾಗಿ ಮಾತಾಡಿ, ತಪ್ಪದೆ ಬರುತ್ತಿರಬೇಕು ಎಂದರು. ಜುಂಜಮ್ಮ ಮಂದೆಯನ್ನು ಗಂಡನಿಗೆ ಬಿಟ್ಟು ಮಗಳ ಜೊತೆ ಊರಲ್ಲೇ ನಿಂತಳು. ಮುಂದೂಡಿದ ಮೀಟಿಂಗಿನಲ್ಲಿ ಶಾಂತಿ ರಿಸಲ್ಟಿನ ಮಾತೆತ್ತುವ ಮೊದಲು, “ಮಕ್ಳು ಮಂಕಾದ್ರೆ ಬೈಬ್ಯಾಡ್ರಿ. ಪಕ್ಕ ಕೂತು ಕೇಳ್ರಿ, ನನಗೆ ತಿಳಿಸ್ರಿ” ಎಂದಳು.

ಅಜ್ಜಿಯ ಹಂಬಲ ಹೋಗಲಿಲ್ಲ. ಕೆಲವು ಸಂಜೆ ಶಾಲೆ ಬಿಟ್ಟ ಮೇಲೂ ಮೌನಿಕಾ ಹೆಡ್‌ಮಿಸ್ಟ್ರೆಸ್ ಕೋಣೆಯ ಹೊಸ್ತಿಲಲ್ಲಿ ನಿಲ್ಲುತ್ತಾಳೆ.

“ಇವತ್ತು ಜಾಸ್ತಿ ಐತೆ ಮೇಡಂ.”

ಶಾಂತಿ ಮಾಡುತ್ತಿದ್ದ ಕೆಲಸ ಬದಿಗಿಡುತ್ತಾಳೆ. “ಬಾ, ಕುಂತ್ಕ. ಹೇಳು.”